ಫುಟ್‌ಬಾಲ್ ತಂಡದ ಒಡೆಯರೂ ಅಭಿಮಾನಿಗಳೂ: ಒಂದು ವಿಚಾರ

ಆಟದಲ್ಲಿ ಸೋಲು ಗೆಲುವು ಇದ್ದದ್ದೇ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಒಂದು ಪಂದ್ಯ ಸೋತವರಿಗೆ ಈ ಸಮಾಧಾನ ಸಾಕು. ಇಡೀ ಒಂದು ವರ್ಷವನ್ನೇ ಸೋತ ತಂಡದ ಅಭಿಮಾನಿಗಳಿಗೆ ಅದು ಸಾಲದು. ಆಗ ಅವರವರಲ್ಲೇ ಚರ್ಚೆ ಹುಟ್ಟುತ್ತದೆ. ತಪ್ಪು ಆಟಗಾರರದೋ, ತರಬೇತುದಾರನದೋ, ಅವನನ್ನು ನೇಮಿಸಿದ ಆಡಳಿತ ವರ್ಗದ್ದೋ? ಯಾವ ದಾರಿ ಹಿಡಿದು ಹೊರಟರೂ ಈ ಚರ್ಚೆ ಕಡೆಗೆ ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುವುದು: ತಂಡದ ಒಡೆಯರು ಈ ಆಡಳಿತವನ್ನು ಬುಡದಿಂದ ಬದಲಾಯಿಸುವರೆ, ಇಲ್ಲವೆ? ಈ ಪ್ರಶ್ನೆ ಕೇಳುವವರಿಗೆ ಬದಲಾಯಿಸುವ ಅಧಿಕಾರವಿಲ್ಲ. ಅಧಿಕಾರವುಳ್ಳವರು ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ಈ ವಿಚಿತ್ರವಾದ ಸಂಬಂಧವನ್ನು ಸ್ವಲ್ಪ ಪರಿಶೀಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯ ನಮಗೆ ಕಬಡ್ಡಿ, ಖೊಖೊ, ವಾಲಿಬಾಲುಗಳೇ ಹತ್ತಿರದ ಆಟಗಳು. ಕ್ರಿಕೆಟ್ಟಿನ ಮಾತಂತೂ ಹೇಳಬೇಕಾದುದೇ ಇಲ್ಲ. ಫುಟ್‌ಬಾಲ್ ನಮಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಕರ್ನಾಟಕದ ಹೆಸರಾಂತ ತಂಡವಾದ ಬೆಂಗಳೂರು ಎಫ್.ಸಿ.ಯ ಒಡೆತನ ಯಾರದೆಂದು ವಿಚಾರಿಸಿದರೆ ದಾರಿ ನೇರವಾಗಿ ನಮ್ಮ ನೆರೆಗೇ ಬರುತ್ತದೆ. ಅದು ಜೆ.ಎಸ್.ಡಬ್ಲ್ಯು. ಸಮೂಹದ್ದು. ಆ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. ನಮ್ಮ ಊರುಗಳಿಂದ ಅಲ್ಲಿಗೆ ದುಡಿಯಲು ಹೋಗುವವರಿದ್ದಾರೆ. 2018ರಲ್ಲಿ ಅದೇ ಆವರಣದಲ್ಲಿ ‘ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್’ ಎಂಬ ಕ್ರೀಡಾ ಶಿಕ್ಷಣ ಸಂಸ್ಥೆ ಆರಂಭವಾಯಿತು. ಬೆಂಗಳೂರು ತಂಡದವರು ಲೀಗ್ ಆರಂಭವಾಗುವ ಮುಂಚಿನ ತಾಲೀಮನ್ನು ಹಲವು ಸಲ ಅಲ್ಲಿಯೇ ನಡೆಸಿದ್ದಾರೆ. ಬೆಂಗಳೂರಿನ ತಂಡಕ್ಕೆ ಬಳ್ಳಾರಿ ಸೀಮೆಯ ಬಿಸಿಲು ಹೊಸದಲ್ಲ.

ಒಡೆತನದ ಪ್ರಶ್ನೆ ನಮ್ಮ ನಾಡಿನಲ್ಲಿ ಹಿಂದೆ ಇಷ್ಟು ತೀವ್ರವಾಗಿರಲಿಲ್ಲ. 1937 ಮತ್ತು 1938ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಬಿಳಿಯ ಸೈನಿಕರ ತಂಡಗಳ ಸೊತ್ತಿನಂತಿದ್ದ ಆ ಕಪ್ಪು ಮೊದಲು ಒಂದು ಭಾರತೀಯ ತಂಡದ ಕೈಗೆ ಬಂದದ್ದು ಹೀಗೆ. ಮೈಸೂರು ರಾಜ್ಯದ ತಂಡವು 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ತಂದಿತು. ಬೆಂಗಳೂರಿನ ಅಹಮದ್ ಖಾನ್, ಕೆಂಪಯ್ಯ ಮೊದಲಾದವರು ಒಲಿಂಪಿಕ್ಸ್ ಮೈದಾನದಲ್ಲಿ ಆಡಿದರು. ಮುಂದೆ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಸರ್ಕಾರಿ ಕಾರ್ಖಾನೆಗಳ ತಂಡಗಳು ಬಂದವು. ಅಲ್ಲಿ ಆಡುವವನೂ ಕಾರ್ಖಾನೆಯವನೇ, ನೋಡುವವನೂ ಬಹುಮಟ್ಟಿಗೆ ಕಾರ್ಖಾನೆಯವನೇ. ಸೋತ ಮರುದಿನ ಆಟಗಾರನನ್ನು ಕ್ಯಾಂಟೀನಿನಲ್ಲಿಯೇ ನಿಲ್ಲಿಸಿ ಕೇಳಬಹುದಾಗಿತ್ತು. ಆ ಕಾಲದಲ್ಲಿ ಆಟಕ್ಕೆ ಹಣ ಕಡಮೆ ಇತ್ತು, ಉತ್ತರ ಹೇಳುವವರು ಹತ್ತಿರವಿದ್ದರು. ಎಚ್.ಎ.ಎಲ್. ತಂಡ 2010-11 ಮತ್ತು 2011-12ರಲ್ಲಿ ಐ-ಲೀಗಿನಲ್ಲಿ ಆಡಿ ಕೆಳಗಿಳಿದ ಮೇಲೆ ಈ ಬಗೆಯ ತಂಡಗಳ ಯುಗ ರಾಷ್ಟ್ರಮಟ್ಟದಲ್ಲಿ ಮುಗಿಯಿತೆನ್ನಬಹುದು.

ಮರುವರ್ಷವೇ, ಎಂದರೆ 2013ರಲ್ಲಿ, ಬೆಂಗಳೂರು ಎಫ್.ಸಿ. ಹುಟ್ಟಿತು. ಇದರ ಏಳಿಗೆ ಬೆರಗುಗೊಳಿಸುವಂಥದು. ಆಡಿದ ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿ, ಇರಾಕಿನ ವಾಯುದಳದ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2017-18ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿ, 2018-19ರಲ್ಲಿ ಅದನ್ನೂ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷ ನಿಂತೇ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ದೇಶಕ್ಕೇ ಪರಿಚಿತವಾಯಿತು. ಒಡೆಯರ ಹಣ, ತಕ್ಕ ಆಡಳಿತ, ಸುನೀಲ್ ಛೇತ್ರಿಯಂಥ ನಾಯಕ ಇವು ಮೂರೂ ಕೂಡಿದ್ದ ಆ ದಿನಗಳಲ್ಲಿ ಒಡೆತನದ ಚರ್ಚೆಯನ್ನು ಯಾರೂ ಎತ್ತಲಿಲ್ಲ. ಗೆಲ್ಲುವ ಮನೆಯಲ್ಲಿ ಲೆಕ್ಕ ಕೇಳುವವರು ಕಡಮೆ.

ಇಳಿಗಾಲ ಆರಂಭವಾದದ್ದು 2020-21ರಲ್ಲಿ. ಲೀಗ್ ಗೆದ್ದುಕೊಟ್ಟ ತರಬೇತುದಾರ ಕಾರ್ಲೆಸ್ ಕ್ವಾದ್ರಾತರನ್ನು ಮೂರು ಪಂದ್ಯಗಳ ಸತತ ಸೋಲಿನ ನಂತರ 2021ರ ಜನವರಿಯಲ್ಲಿ ಕಳುಹಿಸಿಕೊಟ್ಟರು. ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ಅನಂತರ ಮಾರ್ಕೊ ಪೆಟ್ಸಾಯೋಲಿ ಬಂದರು, ಆರನೆಯ ಸ್ಥಾನ. ಅವರ ತರುವಾಯ ಸೈಮನ್ ಗ್ರೇಸನ್ ಬಂದರು. 2022ರ ಡ್ಯುರಾಂಡ್ ಕಪ್ಪು ಬಂದಿತು, 2023ರ ಮಾರ್ಚಿಯಲ್ಲಿ ಲೀಗಿನ ಅಂತಿಮ ಪಂದ್ಯವೂ ದೊರಕಿತು. ಅದೇ ಗ್ರೇಸನ್ ಅದೇ ವರ್ಷದ ಡಿಸೆಂಬರಿನಲ್ಲಿ, ಕಂಠೀರವದಲ್ಲಿಯೇ ಮುಂಬಯಿ ಸಿಟಿಗೆ ನಾಲ್ಕು ಗೋಲುಗಳಿಂದ ಸೋತ ಬಳಿಕ, ಮನೆಗೆ ಹೋದರು. ಜೆರಾರ್ಡ್ ಸಾರಗೋಸ ಬಂದರು. ಆ ವರ್ಷದ ಕೊನೆಗೆ ಹನ್ನೆರಡು ತಂಡಗಳಲ್ಲಿ ಬೆಂಗಳೂರಿಗೆ ಹತ್ತನೆಯ ಸ್ಥಾನ. ಮೂರೇ ವರ್ಷಗಳಲ್ಲಿ ನಾಲ್ವರು ತರಬೇತುದಾರರು. ಕುರ್ಚಿಯ ಮೇಲಿನವರು ಬದಲಾದರು, ಕುರ್ಚಿ ಹಾಕಿದವರು ಬದಲಾದರೆಂದು ನೋಡುಗನಿಗೆ ತೋರಲಿಲ್ಲ.

ಆಗ ಅಭಿಮಾನಿಗಳಲ್ಲಿ ಎರಡು ಪಕ್ಷಗಳಾದುದು ಸಹಜ. ನಮ್ಮ ವಸತಿಗೃಹದಲ್ಲಿಯೂ ಇದರ ಪ್ರತಿಧ್ವನಿ ಕೇಳುತ್ತಿತ್ತು. “ಈತನ್ನೂ ತಗದು ಒಗೀಬೇಕಲೇ, ಆಗ ಸುಧಾರಿಸ್ತತಿ” ಎಂದು ಒಬ್ಬನೆಂದರೆ, “ಎಷ್ಟು ಮಂದೀನ್ನ ಒಗೀತಿಯೋ? ತರೋರು ಅವರೇ ಅಲ್ಲೇನು?” ಎಂದು ಇನ್ನೊಬ್ಬನು ಕೇಳುವನು. ಒಡೆಯರಿಂದ ಎರಡು ಸಾಲಿನ ಹೇಳಿಕೆ ಹೊರಟರೆ ಸಾಕು, ಮೈಲಾರದ ಕಾರ್ಣಿಕದ ನುಡಿಯನ್ನು ರೈತನು ಮಳೆಯೆಂದೂ ರಾಜಕಾರಣಿಯು ಗದ್ದುಗೆಯೆಂದೂ ಅರ್ಥ ಮಾಡಿಕೊಳ್ಳುವಂತೆ ಎರಡು ಪಕ್ಷದವರೂ ಅದರಲ್ಲಿ ತಮಗೆ ಬೇಕಾದುದನ್ನೇ ಕಾಣುವರು.

ಈ ಇಬ್ಬರು ಗೆಳೆಯರ ವಾದದಲ್ಲಿ ಅರ್ಥಶಾಸ್ತ್ರದ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ತರಬೇತುದಾರನನ್ನು ಬದಲಾಯಿಸಿದರೆ ತಂಡ ಸುಧಾರಿಸುವುದು ನಿಜವೆ? ಹಾಲೆಂಡಿನ ಬಾಸ್ ತೆರ್ ವೇಲ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಮೇಲ್ದರ್ಜೆಯ ಲೀಗಿನ 1986ರಿಂದ 2004ರವರೆಗಿನ ದಾಖಲೆಗಳನ್ನು ಶೋಧಿಸಿದರು. ಸತತವಾಗಿ ಸೋತು ತರಬೇತುದಾರನನ್ನು ತೆಗೆದ ತಂಡಗಳು ಅನಂತರ ಚೇತರಿಸಿಕೊಂಡದ್ದು ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋತೂ ತರಬೇತುದಾರನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಮೆ ಅಷ್ಟೇ ಚೇತರಿಸಿಕೊಂಡಿದ್ದವು! ಇದರ ಕಾರಣ ಗಹನವಾದುದೇನಲ್ಲ. ಯಾವ ತಂಡವೂ ತನ್ನ ಯೋಗ್ಯತೆಗಿಂತ ಕೆಳಗೆ ಬಹುಕಾಲ ಇರಲಾರದು. ಸರಾಸರಿಯ ಕಡೆಗೆ ತಾನಾಗಿಯೇ ಹಿಂದಿರುಗುತ್ತದೆ. ಜ್ವರ ಇಳಿಯುವ ದಿನ ಕಟ್ಟಿಸಿಕೊಂಡ ತಾಯಿತಕ್ಕೆ ಕೀರ್ತಿ ಬರುವಂತೆ ಹೊಸ ತರಬೇತುದಾರನಿಗೆ ಕೀರ್ತಿ ಬರುವುದು.

ಹಾಗಾದರೆ ಒಡೆಯರು ಅದನ್ನೇ ಮತ್ತೆ ಮತ್ತೆ ಏಕೆ ಮಾಡುವರು? ಎಲ್ಲ ಬದಲಾವಣೆಗಳಲ್ಲಿ ಅದೇ ಅಗ್ಗವಾದುದು, ಎಲ್ಲರ ಕಣ್ಣಿಗೂ ಬೀಳುವಂಥದು. ಒಬ್ಬ ಮನುಷ್ಯನಿಗೆ ಉಳಿದ ಸಂಬಳ ಕೊಟ್ಟು ಕಳುಹಿಸಿದರೆ ಕೆಲಸ ಮುಗಿಯಿತು. ಆಟಗಾರರನ್ನು ಯಾರು ಆರಿಸುತ್ತಾರೆ, ಯಾವ ವಯಸ್ಸಿನವನಿಗೆ ಎಷ್ಟು ವರ್ಷದ ಕರಾರು ಬರೆಯುತ್ತಾರೆ, ಎಳೆಯರ ತಂಡದಿಂದ ಮೇಲಿನ ತಂಡಕ್ಕೆ ಎಷ್ಟು ಹುಡುಗರು ಏರುತ್ತಾರೆ, ಇವೆಲ್ಲವನ್ನೂ ತಿದ್ದುವುದಾದರೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಅಲ್ಲದೆ ಒಡೆಯನು ತಾನೇ ನಂಬಿ ಇಟ್ಟುಕೊಂಡವರನ್ನು ಕದಲಿಸಬೇಕಾಗುತ್ತದೆ. ನಮ್ಮ ಲೀಗಿನಲ್ಲಿ ಇನ್ನೊಂದು ಅಂಶವುಂಟು. ಇಂಗ್ಲೆಂಡಿನಲ್ಲಿ ಕಡೆಯ ಮೂರು ಸ್ಥಾನಗಳಲ್ಲಿ ನಿಂತ ತಂಡ ಕೆಳದರ್ಜೆಗೆ ಬಿದ್ದು, ಅದರೊಡನೆ ಅಪಾರ ವರಮಾನವನ್ನೂ ಕಳೆದುಕೊಳ್ಳುತ್ತದೆ. ಆ ಭಯವೇ ಅಲ್ಲಿನ ಒಡೆಯನನ್ನು ಎಬ್ಬಿಸುವ ಗಂಟೆ. ಇಂಡಿಯನ್ ಸೂಪರ್ ಲೀಗಿನಲ್ಲಿ 2024-25ರವರೆಗೂ ಕೆಳಗಿಳಿಸುವ ಪದ್ಧತಿ ನಡೆಯಲಿಲ್ಲ. ಹತ್ತನೆಯ ಸ್ಥಾನ ಬಂದರೆ ಹೋಗುವುದು ಮಾನ ಮಾತ್ರ. ಮಾನಕ್ಕೆ ಅಂಜುವ ಒಡೆಯನಾದರೆ ಸರಿ, ಇಲ್ಲದಿದ್ದರೆ ಅಭಿಮಾನಿಗೆ ಬೇರೆ ಆಸರೆಯಿಲ್ಲ.

ಇಲ್ಲಿ ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರ ವಿಚಾರವನ್ನು ನೆನೆಯಬೇಕು. ಒಂದು ಸಂಸ್ಥೆ ಕೆಡುತ್ತಾ ಬಂದಾಗ ಅದನ್ನು ಆಶ್ರಯಿಸಿದವರ ಮುಂದೆ ಎರಡು ದಾರಿಗಳಿರುವುವೆಂದು ಅವರು 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದರು. ಒಂದು, ಬಿಟ್ಟುಹೋಗುವುದು, ಇನ್ನೊಂದು, ಅಲ್ಲಿಯೇ ನಿಂತು ದನಿಯೆತ್ತುವುದು. ನಿಷ್ಠೆ ಎಂಬುದು ಬಿಟ್ಟುಹೋಗುವವನ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ಜಾತ್ರೆಗಳಿಗೆ ಬರುವ ನಾಟಕ ಕಂಪನಿಗಳನ್ನು ನೋಡಿರಿ. ನಾಟಕ ಹಿಡಿಸದಿದ್ದರೆ ಜನ ಪಕ್ಕದ ಡೇರೆಗೆ ಹೋಗುವರು. ನಾಲ್ಕು ರಾತ್ರಿ ಖಾಲಿ ಕುರ್ಚಿಗಳನ್ನು ಕಂಡ ಮಾಲೀಕನು ಐದನೆಯ ರಾತ್ರಿ ಬೇರೆ ನಾಟಕ ಹೂಡುವನು. ಯಾರೂ ಅವನಿಗೆ ಮನವಿ ಬರೆಯಬೇಕಾಗಿಲ್ಲ. ಫುಟ್‌ಬಾಲ್ ಅಭಿಮಾನಿಗೆ ಪಕ್ಕದ ಡೇರೆಯಿಲ್ಲ. ಬೆಂಗಳೂರು ಸೋತಿತೆಂದು ಅವನು ನಾಳೆಯಿಂದ ಚೆನ್ನೈ ತಂಡಕ್ಕೆ ಜಯಕಾರ ಹಾಕಲಾರನು. ಒಡೆಯನಿಗೆ ಇದು ಚೆನ್ನಾಗಿ ಗೊತ್ತು. ಅಭಿಮಾನಿಯ ನಿಷ್ಠೆಯೇ ಅವನ ಬಲವನ್ನು ಕುಗ್ಗಿಸುತ್ತದೆಂಬುದು ಈ ಆಟದ ಕಹಿಯಾದ ಸತ್ಯ.

ಆದರೆ ಅಭಿಮಾನಿಯನ್ನು ಬರಿಯ ಗಿರಾಕಿಯೆಂದು ಎಣಿಸುವುದು ಸರಿಯಲ್ಲ. ಕೊಟ್ಟೂರಿನ ತೇರನ್ನು ಎಳೆಯುವ ಸಾವಿರಾರು ಜನರಲ್ಲಿ ಯಾರ ಹೆಸರಿನಲ್ಲಿಯೂ ತೇರಿನ ಪತ್ರವಿಲ್ಲ. 2017ರ ಫೆಬ್ರವರಿಯಲ್ಲಿ ಆ ತೇರು ಉರುಳಿದಾಗ, ಅದು ಯಾರ ಲೆಕ್ಕಕ್ಕೆ ಸೇರಿದ್ದೆಂದು ವಿಚಾರಿಸಿ ದುಃಖಪಟ್ಟವರನ್ನು ನಾವು ಕಾಣಲಿಲ್ಲ. ನಮ್ಮ ತೇರು ಬಿತ್ತೆಂದೇ ಸುತ್ತಲ ತಾಲ್ಲೂಕುಗಳೆಲ್ಲ ಮರುಗಿದವು. ಕಾನೂನಿನ ಒಡೆತನ ಬೇರೆ, ಹಗ್ಗ ಹಿಡಿದವನ ಒಡೆತನ ಬೇರೆ. ಎರಡನೆಯದಕ್ಕೆ ಕಾನೂನಿನಲ್ಲಿ ಸ್ಥಾನ ಕೊಟ್ಟ ದೇಶಗಳೂ ಉಂಟು. ಜರ್ಮನಿಯಲ್ಲಿ 1998ರಿಂದ ತಂಡಗಳು ಕಂಪನಿಗಳಾಗಲು ಅವಕಾಶವಾದರೂ, ಅರ್ಧಕ್ಕಿಂತ ಹೆಚ್ಚಿನ ಮತಾಧಿಕಾರ ಕ್ಲಬ್ಬಿನ ಸದಸ್ಯರಲ್ಲಿಯೇ ಉಳಿಯಬೇಕೆಂಬ ನಿಯಮವಿದೆ. ಕೆಲವು ತಂಡಗಳಿಗೆ ವಿನಾಯಿತಿ ದೊರಕಿದೆ ಎಂಬುದನ್ನು ಬಿಟ್ಟರೆ ನಿಯಮ ಗಟ್ಟಿಯಾಗಿಯೇ ನಿಂತಿದೆ. ಸ್ಪೇನಿನ ಬಾರ್ಸಿಲೋನ ತಂಡದ ಅಧ್ಯಕ್ಷನನ್ನು ಸದಸ್ಯರು ಮತ ಹಾಕಿ ಆರಿಸುವರು. ಅಲ್ಲಿಯೂ ಸಾಲ, ಜಗಳ ಎಲ್ಲ ಇವೆ. ಆದರೆ ‘ಒಡೆಯರು ಬದಲಾಯಿಸುವರೆ?’ ಎಂದು ಊಹಿಸುತ್ತಾ ಕೂರುವ ಬದಲು ಅವರು ಚುನಾವಣೆಯ ದಿನ ಕಾಯುವರು.

ಮತವಿಲ್ಲದ ಕಡೆ ದನಿಗೆ ಬೆಲೆಯೇ ಇಲ್ಲವೆ? ಉಂಟು, ಆದರೆ ಎಲ್ಲ ಕಾಲಕ್ಕೂ ಎಲ್ಲ ವಿಷಯಕ್ಕೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬದವರು ಕೊಂಡುಕೊಂಡು, ಕೊಳ್ಳಲು ಮಾಡಿದ ಸಾಲದ ಬಹುಭಾಗವನ್ನು ತಂಡದ ತಲೆಗೇ ಕಟ್ಟಿದರು. ಮನನೊಂದ ಕೆಲವರು ಅದೇ ವರ್ಷ ಹೊರಬಂದು ತಮ್ಮದೇ ಒಂದು ಚಿಕ್ಕ ತಂಡವನ್ನು ಕಟ್ಟಿದರು. ಇದು ಬಿಟ್ಟುಹೋಗುವ ದಾರಿ. ಉಳಿದವರು 2010ರಲ್ಲಿ ಹಸಿರು ಹಳದಿ ವಸ್ತ್ರ ಸುತ್ತಿಕೊಂಡು ಪ್ರತಿಭಟಿಸಿದರು, ಒಡೆಯರು ಕದಲಲಿಲ್ಲ. 2013ರಲ್ಲಿ ಫರ್ಗ್ಯುಸನ್ ನಿವೃತ್ತರಾದ ಮೇಲೆ 2024ರ ನವೆಂಬರಿನೊಳಗೆ ಆರು ಮಂದಿ ಕಾಯಂ ತರಬೇತುದಾರರು ಬಂದರು. 2024ರ ಫೆಬ್ರವರಿಯಲ್ಲಿ ಜಿಮ್ ರ‍್ಯಾಟ್‌ಕ್ಲಿಫ್ ಎಂಬ ಉದ್ಯಮಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲನ್ನು ಕೊಂಡು ಆಟದ ಆಡಳಿತವನ್ನು ಕೈಗೆ ತೆಗೆದುಕೊಂಡಾಗ, ಅಭಿಮಾನಿಗಳು ಬಹುಕಾಲ ಬೇಡಿದ ಬುಡದ ಬದಲಾವಣೆ ಕಡೆಗೂ ಬಂದಿತೆಂದು ಹಿಗ್ಗಿದರು. 2024-25ರ ಕೊನೆಗೆ ತಂಡ ಹದಿನೈದನೆಯ ಸ್ಥಾನದಲ್ಲಿ ನಿಂತಿತು! ಆಡಳಿತ ಬದಲಾಗುವುದು ಬೇರೆ, ಅದು ಮೇಲಾಗುವುದು ಬೇರೆ. ಇದನ್ನು ಚರ್ಚೆಯ ಬಿಸಿಯಲ್ಲಿ ಮರೆಯುವವರೇ ಹೆಚ್ಚು.

ಆದರೆ 2021ರ ಏಪ್ರಿಲಿನಲ್ಲಿ ಯೂರೋಪಿನ ಹನ್ನೆರಡು ಸಿರಿವಂತ ತಂಡಗಳ ಒಡೆಯರು ತಮ್ಮ ತಮ್ಮಲ್ಲೇ ಒಂದು ಮುಚ್ಚಿದ ಲೀಗನ್ನು ಹೂಡಲು ಹೊರಟಾಗ, ಇಂಗ್ಲೆಂಡಿನ ಅಭಿಮಾನಿಗಳು ಬೀದಿಗೆ ಬಂದರು. ಎರಡೇ ದಿನಗಳಲ್ಲಿ ಅಲ್ಲಿನ ಆರೂ ತಂಡಗಳು ಹಿಂದೆಗೆದವು. ನಮ್ಮ ದೇಶದಲ್ಲಿಯೇ ಇನ್ನೂ ಒಳ್ಳೆಯ ನಿದರ್ಶನವಿದೆ. ಕಲ್ಕತ್ತೆಯ ಮೋಹನ್ ಬಾಗಾನ್ ತಂಡದ ನೂರಕ್ಕೆ ಎಂಬತ್ತು ಪಾಲು 2020ರಲ್ಲಿ ಸಂಜೀವ್ ಗೋಯೆಂಕಾ ಅವರ ಸಮೂಹಕ್ಕೆ ಹೋಗಿ, 1889ರಷ್ಟು ಹಳೆಯ ಆ ಹೆಸರಿನ ಮುಂದೆ ‘ಎ.ಟಿ.ಕೆ.’ ಎಂಬ ಮೂರು ಅಕ್ಷರಗಳು ಅಂಟಿಕೊಂಡವು. ಅಭಿಮಾನಿಗಳು ಅದನ್ನು ತೆಗೆಯಿರೆಂದು ವರ್ಷಗಟ್ಟಲೆ ಪಟ್ಟು ಹಿಡಿದರು. 2023ರ ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಆ ತಂಡ ಪೆನಾಲ್ಟಿ ಹೊಡೆತಗಳಲ್ಲಿ ಗೆದ್ದ ಕೂಡಲೇ, ಆ ಅಕ್ಷರಗಳನ್ನು ಕೈಬಿಡುವುದಾಗಿ ಒಡೆಯರು ಸಾರಿದರು. ಅಂದು ಸೋತವರು ನಮ್ಮ ಬೆಂಗಳೂರಿನವರೇ. ಈ ಎರಡು ನಿದರ್ಶನಗಳಲ್ಲಿಯೂ ಅಭಿಮಾನಿಗಳ ಬೇಡಿಕೆ ಒಂದೇ ಒಂದು, ಸ್ಪಷ್ಟವಾದದ್ದು, ‘ಹೌದು’ ಅಥವಾ ‘ಇಲ್ಲ’ ಎಂದು ಹೇಳಿಬಿಡಬಹುದಾದದ್ದು. ‘ಆಡಳಿತ ಸುಧಾರಿಸಿರಿ’ ಎಂಬ ಬೇಡಿಕೆಗೆ ಆ ಗುಣವಿಲ್ಲ. ಅದಕ್ಕೆ ಒಬ್ಬ ತರಬೇತುದಾರನ ತಲೆದಂಡ ಕೊಟ್ಟು ‘ಸುಧಾರಿಸಿದೆವು’ ಎಂದುಬಿಡಬಹುದು.

ಈಗ ಮತ್ತೆ ಕಂಠೀರವಕ್ಕೆ ಬರೋಣ. 2024ರ ಬೇಸಗೆಯಲ್ಲಿ ಬೆಂಗಳೂರಿನ ಒಡೆಯರು ಮಾಡಿದ ಕೆಲಸ ಗಮನಿಸತಕ್ಕದ್ದು. ಹತ್ತನೆಯ ಸ್ಥಾನದಲ್ಲಿ ನಿಂತ ತಂಡದ ತರಬೇತುದಾರನನ್ನು ಅವರು ತೆಗೆಯಲಿಲ್ಲ. ಬದಲಿಗೆ ಆಟಗಾರರ ಆಯ್ಕೆಯನ್ನೇ ತಿದ್ದಿದರು. ಮುಂಬಯಿ ಸಿಟಿಯಿಂದ ನೊಗೆರಾ, ಪೆರೆಯ್ರ ಡಿಯಾಸ್ ಬಂದರು; 2019ರ ಅಂತಿಮ ಪಂದ್ಯದ ಏಕೈಕ ಗೋಲನ್ನು ಹೊಡೆದಿದ್ದ ರಾಹುಲ್ ಭೇಕೆ ಅಲ್ಲಿಂದಲೇ ಮರಳಿ ಬಂದರು; ಎಡ್ಗರ್ ಮೆಂಡೆಸ್ ಹೊಸದಾಗಿ ಸೇರಿದರು. ಫಲವಾಗಿ 2024-25ರಲ್ಲಿ ತಂಡ ಮೂರನೆಯ ಸ್ಥಾನ ಪಡೆಯಿತು. ನಲವತ್ತು ವಯಸ್ಸಿನ ಛೇತ್ರಿ ಹದಿನಾಲ್ಕು ಗೋಲುಗಳನ್ನು ಹೊಡೆದರು. ಹಿಂದೆ ಕಂಠೀರವದಲ್ಲಿ ನಾಲ್ಕು ಗೋಲುಗಳ ಪೆಟ್ಟು ಕೊಟ್ಟಿದ್ದ ಮುಂಬಯಿಯನ್ನು ಅದೇ ಕಂಠೀರವದಲ್ಲಿ ಐದು ಗೋಲುಗಳಿಂದ ಮಣಿಸಿದ್ದಾಯಿತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದವರೆಗೂ ಹೋರಾಡಿ 2-1ರಿಂದ ಸೋತಿತು. ಒಂದು ವರ್ಷದ ಹಿಂದೆ ‘ತಗದು ಒಗೀರಿ’ ಎಂದವರೂ ಆ ರಾತ್ರಿ ಸಾರಗೋಸರನ್ನು ಹೊಗಳಿದರು. ತೆರ್ ವೇಲ್ ಅವರ ಲೆಕ್ಕ ಬೆಂಗಳೂರಿನಲ್ಲಿಯೂ ತಾಳೆಯಾಯಿತೆಂದು ಒಂದೇ ವರ್ಷದ ಮೇಲಿಂದ ಹೇಳುವುದು ದುಡುಕಾದೀತು. ಆದರೆ ಅಭಿಮಾನಿಗಳ ಗದ್ದಲಕ್ಕೆ ಒಡೆಯರು ಓಗೊಡದೆ ಇದ್ದದ್ದೇ ಈ ಸಲ ತಂಡಕ್ಕೆ ಹಿತವಾಯಿತೆಂದು ಒಪ್ಪದೆ ಗತಿಯಿಲ್ಲ.

ಹಾಗೆಂದ ಮಾತ್ರಕ್ಕೆ ಅಭಿಮಾನಿಗಳು ಬಾಯಿ ಮುಚ್ಚಿಕೊಂಡಿರಬೇಕೆಂದು ನಾವು ಹೇಳುವುದಿಲ್ಲ. ಕೇಳುವ ಪ್ರಶ್ನೆ ಬೇರೆಯಾಗಬೇಕು. ತರಬೇತುದಾರ ಹೋಗುವನೆ ಎಂಬುದಕ್ಕಿಂತ, ಆಟಗಾರರನ್ನು ಆರಿಸುವವರು ಯಾರು, ಆ ಆಯ್ಕೆ ಕೆಟ್ಟರೆ ಅವರು ಯಾರಿಗೆ ಉತ್ತರ ಹೇಳುವರು, ಎಳೆಯರ ತಂಡದಿಂದ ಈ ವರ್ಷ ಎಷ್ಟು ಮಂದಿ ಮೇಲೆ ಬಂದರು ಎಂದು ಕೇಳಬಹುದು. ಇವಕ್ಕೆ ಅಂಕಿಗಳಲ್ಲಿ ಉತ್ತರ ಕೊಡಬೇಕಾಗುತ್ತದೆ; ಸುಳ್ಳು ಹೇಳಿದರೆ ಮುಂದಿನ ವರ್ಷ ತಿಳಿಯುತ್ತದೆ. ಅಭಿಮಾನಿಗಳ ಬಳಗದಿಂದ ಒಬ್ಬ ಪ್ರತಿನಿಧಿ ವರ್ಷಕ್ಕೆ ಎರಡು ಸಲ ಆಡಳಿತ ಮಂಡಲಿಯೊಡನೆ ಕುಳಿತು ಮಾತನಾಡುವುದು ಅಸಾಧ್ಯವಾದ ಬೇಡಿಕೆಯೇನೂ ಅಲ್ಲ. ನಮ್ಮ ಕಾಲೇಜಿನ ಕ್ರೀಡಾ ಸಂಘದಲ್ಲಿಯೇ ವಿದ್ಯಾರ್ಥಿ ಕಾರ್ಯದರ್ಶಿ ಇಲ್ಲವೆ?

ಒಡೆಯರ ಕಷ್ಟವನ್ನೂ ಹೇಳದೆ ಬಿಟ್ಟರೆ ವಿಚಾರ ಅರ್ಧವಾಗುತ್ತದೆ. ಭಾರತದಲ್ಲಿ ಫುಟ್‌ಬಾಲ್ ತಂಡ ನಡೆಸುವುದು ಲಾಭದ ವ್ಯಾಪಾರವಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿಯೂ, ಪಂಜಾಬಿನ ಜೆ.ಸಿ.ಟಿ. 2011ರಲ್ಲಿಯೂ ಬಾಗಿಲು ಮುಚ್ಚಿದವು. ಅವುಗಳ ಹಿಂದೆಯೂ ದೊಡ್ಡ ಉದ್ಯಮಗಳೇ ಇದ್ದವು. 2025ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷಗಳ ಒಪ್ಪಂದ ಮುಗಿಯುತ್ತ ಬಂದು, ಮುಂದಿನದು ಇತ್ಯರ್ಥವಾಗದೆ, ಜುಲೈ ತಿಂಗಳಲ್ಲಿ ಲೀಗೇ ತಡೆದು ನಿಂತಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ನಾಲ್ಕು ತಿಂಗಳ ಹಿಂದೆ ಕಲ್ಕತ್ತೆಯಲ್ಲಿ ಅಂತಿಮ ಪಂದ್ಯ ಆಡಿದ್ದ ತಂಡ ಅದು! ಯಾರನ್ನು ಬದಲಾಯಿಸುವರು ಎಂದು ವಾದಿಸುತ್ತಿದ್ದವರು ಅಂದಿನಿಂದ ತಂಡ ಉಳಿಯುವುದೇ ಎಂದು ಕೇಳತೊಡಗಿದರು. ಲೀಗು ಮೊಟಕಾದ ರೂಪದಲ್ಲಿ ಆರಂಭವಾದದ್ದು 2026ರ ಫೆಬ್ರವರಿಯಲ್ಲಿ. ಸಂಬಳ ನಿಲ್ಲಿಸಿದ ಆಗಸ್ಟಿನ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಎಳೆಯರ ತಂಡಗಳೂ ಮಕ್ಕಳ ಫುಟ್‌ಬಾಲ್ ಶಾಲೆಗಳೂ ಎಂದಿನಂತೆ ನಡೆಯುವುವು ಎಂದು. ಪತ್ರಿಕೆಗಳಲ್ಲಿ ಸಂಬಳದ ಸುದ್ದಿ ದಪ್ಪಕ್ಷರದಲ್ಲಿ ಬಂದಿತು. ಈ ಮಾತು ಎಲ್ಲೋ ಕೆಳಗೆ, ಸಣ್ಣಕ್ಷರದಲ್ಲಿ.